ಇಮೆಲ್ಡಾ ಹಾಕಿದ ಗಂಟು

ಶಿಕ್-ಶಾಕ್ ಬೆಟ್ಟಗಳಲ್ಲಿ ಇಮೆಲ್ಡಾ ಫೋರ್ನಿಯೆ ಇಪ್ಪತ್ತಾರು ಚಳಿಗಾಲ ಟಪಾಲು ಹೊತ್ತಿದ್ದಳು. ಕಾಲು ಹಿಮದಲ್ಲಿ ಹೂತುಹೋಗದಂತೆ ಜರಡಿಯಂತೆ ಹೆಣೆದ ಅಗಲ ಹಿಮಪಾವುಗೆ ಕಟ್ಟಿಕೊಂಡು ವಾರಕ್ಕೆರಡು ಸಲ ಗಣಿಯ ಕ್ಯಾಂಪಿಗೆ ಹೋಗಿ ಬರುತ್ತಿದ್ದಳು. ಜೊತೆಗೆ ಯಾರೇ ಬರಲಿ, ಅವರ ಪಾವುಗೆಯ ಪಟ್ಟಿಯನ್ನು ತಾನೇ ಬಿಗಿಯುತ್ತಿದ್ದಳು. ಅವಳು ಹಾಕಿದ ಗಂಟು ಸಂಜೆಯವರೆಗೂ ಜಗ್ಗುತ್ತಿರಲಿಲ್ಲ. ಊರಿನಲ್ಲಿ ಅದಕ್ಕೆ ಹೆಸರಿತ್ತು, ಅವಳಿಗೂ ಕೊಂಚ ಜಂಬವಿತ್ತು.

ದಾರಿಯಲ್ಲಿ ಕೆಟ್ಟ ಜಾಗ ಒಂದೇ, ಮರವಿಲ್ಲದ ಬೋಳು ಇಳಿಜಾರು. ಅದರ ಅಂಚಿಗೆ ಬಂದವರು ಪಟ್ಟಿ ಬಿಚ್ಚಿ, ಕಾಲಿನ ತುದಿಯನ್ನಷ್ಟೇ ಪಾವುಗೆಗೆ ಸಿಕ್ಕಿಸಿಕೊಂಡು, ಒಬ್ಬೊಬ್ಬರೇ ದಾಟಬೇಕು. ಹಿಮ ಜಾರಿದರೆ ಪಾವುಗೆ ಕಳಚಿಹೋಗಬೇಕು; ಇಲ್ಲದಿದ್ದರೆ ಅದೇ ಮನುಷ್ಯನನ್ನು ಒಳಕ್ಕೆಳೆಯುತ್ತದೆ. ಈ ಪಾಠವನ್ನು ಊರಿಗೆಲ್ಲ ಹೇಳಿಕೊಟ್ಟವಳು ಅವಳೇ.

ಆ ಫೆಬ್ರವರಿಯ ಬೆಳಿಗ್ಗೆ ಜೊತೆಗಿದ್ದವನು ಕ್ಯಾಂಪಿನ ಅಡುಗೆಯ ಲೆಯೊಪೋಲ್. ಅಂಚಿನಲ್ಲಿ ಅವನು ಬಗ್ಗಿ ಗಂಟು ಎಳೆದ. ಅದು ಹೆಪ್ಪುಗಟ್ಟಿ ಕಲ್ಲಾಗಿತ್ತು.

“ಅಕ್ಕಾ, ಏನು ಗಂಟು ಹಾಕಿದೀಯೇ! ಬಿಚ್ಚೋಕೇ ಬರ್ತಿಲ್ಲ.”

“ನಿನ್ನ ಹೊಟ್ಟೆ ಅಡ್ಡ ಬಂದ್ರೆ ಗಂಟು ಏನ್ಮಾಡುತ್ತೆ?”

ನಗುತ್ತಲೇ ತಾನೂ ಎಳೆದು ನೋಡಿದಳು. ಚೀಲದಲ್ಲಿ ಚಾಕು ಇತ್ತು. ಆದರೆ ಪಟ್ಟಿ ಹೊಸದು, ಕತ್ತರಿಸಲು ಮನಸ್ಸು ಬರಲಿಲ್ಲ.

“ಇರ್ಲಿ ಬಿಡು. ನಿನ್ನೆ ತಾನೇ ದಾಟಿದೀನಿ, ಹೆಜ್ಜೆಜಾಡು ಗಟ್ಟಿಯಾಗಿದೆ. ನಡಿ.”

ಅವನು ನಡೆದ. ಇಳಿಜಾರಿನ ನಡುವೆ ತಲುಪಿದಾಗ ಬಟ್ಟೆ ಹರಿದಂಥ ಸದ್ದಾಗಿ ಹಿಮ ಜಾರಿತು. ಅಲ್ಲಿ ಲೆಯೊಪೋಲ್ ಇರಲಿಲ್ಲ.

ಇಮೆಲ್ಡಾ ಅಂಚಿನಿಂದ ಕೆಳಗೆ ಕಣ್ಣಾಡಿಸಿದಳು. ಹಿಮದ ರಾಶಿಯ ಮೇಲೆ ಒಂದು ಕೈಗವಸು ಕಂಡಿತು. ಬೆರಳುಗಳು ಅದರೊಳಗೇ ಇದ್ದವು, ಅಲುಗಾಡುತ್ತಿದ್ದವು. ಓಡಿಹೋಗಿ, ತನ್ನ ಪಾವುಗೆಯನ್ನೇ ಸಲಿಕೆ ಮಾಡಿಕೊಂಡು ತೋಡಿದಳು. ಮುಖ ಸಿಕ್ಕಿತು. ಉಸಿರಿತ್ತು. ಬಲಗಾಲು ಮಾತ್ರ ಪಾವುಗೆಯ ಸಮೇತ ಹಿಂದಕ್ಕೆ ತಿರುಚಿಕೊಂಡು ಹೋಗಿತ್ತು. ಗಂಟು ಜಗ್ಗಿರಲಿಲ್ಲ.

ಆಗ ಅವಳು ಚಾಕು ತೆಗೆದಳು.

ಆ ಕಾಲು ಇನ್ನು ನೆಟ್ಟಗಾಗುವುದಿಲ್ಲ ಎಂದು ವೈದ್ಯರು ಹೇಳಿದರು. ಆದರೂ ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಜನ ಇಮೆಲ್ಡಾಳನ್ನು ಹೊಗಳುತ್ತ ಮುತ್ತಿಕೊಂಡರು. ಲೆಯೊಪೋಲನ ಹೆಂಡತಿ ರೋಜ್-ಎಮೆ ಅವಳ ಎರಡೂ ಕೈ ಹಿಡಿದುಕೊಂಡಳು.

“ನೀನಿಲ್ದೇ ಇದ್ರೆ ನನ್ನ ಗಂಡ ಉಳೀತಿರ್ಲಿಲ್ಲ ಅಕ್ಕಾ.”

“ಬಿಚ್ಚದೇ ನಡಿ ಅಂದಿದ್ದು ನಾನೇ,” ಎಂದಳು ಇಮೆಲ್ಡಾ. “ಚಾಕು ಇತ್ತು. ಹೊಸ ಪಟ್ಟಿ ಹಾಳಾಗುತ್ತೆ ಅಂತ ಕತ್ತರಿಸ್ಲಿಲ್ಲ.”

ರೋಜ್-ಎಮೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಹಿಡಿದಿದ್ದ ಕೈಗಳನ್ನು ಮೊದಲು ಒಂದು, ತಡೆದು ಇನ್ನೊಂದು, ಬಿಟ್ಟಳು.