ಬೆನ್ನು ತಟ್ಟುತ್ತಿದ್ದ ಕೈಗಳು

ಗೋಡೆಯಾಚೆ ತಾಯಿಯೊಬ್ಬಳು ದಿನವೂ ಮುಂಜಾನೆ ಮಗುವಿನ ಬೆನ್ನಿಗೆ ಬಡಿಯುವ ಸದ್ದು ಕೇಳಿಸಿದರೆ ನೀವು ಅವಳನ್ನು ಏನೆಂದು ಕರೆಯುತ್ತೀರಿ? ಹಳೇ ಹುಬ್ಬಳ್ಳಿಯ ನಮ್ಮ ಓಣಿ ‘ರಾಕ್ಷಸಿ’ ಎಂದು ಕರೆಯಿತು. ಬೊಗಸೆಯಂತೆ ಬಾಗಿಸಿದ ಆ ಅಂಗೈಗಳು ಮಗಳ ಶ್ವಾಸಕೋಶಕ್ಕೆ ಅಂಟಿದ ಕಫವನ್ನು ಸಡಿಲಿಸುತ್ತಿದ್ದವು. ಅದನ್ನು ವಿಚಾರಿಸುವ ವ್ಯವಧಾನ ಯಾರಿಗೂ ಇರಲಿಲ್ಲ.

ಪಕ್ಕದ ಮನೆಯ ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರನ್ನು ಸೋದರಮಾವನಿಗೇ ಕೊಟ್ಟಿದ್ದರು. ಅತ್ತೆಯೆಂದರೆ ಅವರ ತಾಯಿಯನ್ನು ಹೆತ್ತ ಅಜ್ಜಿಯೇ. ಮಗಳ ಕೆಮ್ಮನ್ನು ಕ್ಷಯವೆಂದು ಬಗೆದು ವರ್ಷಗಟ್ಟಲೆ ಔಷಧ ನುಂಗಿಸಿದ ಮೇಲೆ, ದೊಡ್ಡ ಆಸ್ಪತ್ರೆಯೊಂದರಲ್ಲಿ ಅದು ವಂಶದಿಂದ ಬಂದ ಕಾಯಿಲೆಯೆಂದು ತಿಳಿಯಿತು.

ತೊಂಬತ್ತರ ದಶಕದ ಕೊನೆ. ಕಾಲೇಜಿನ ಚರ್ಚಾಸ್ಪರ್ಧೆಗೆ ಸಿದ್ಧನಾಗುತ್ತಿದ್ದ ನಾನು ಪತ್ರಿಕೆಯ ಸುದ್ದಿಯೊಂದನ್ನು ಅವರಿಗೆ ವಿವರಿಸಿದೆ. ಸರಿಯಾದ ಜೀನನ್ನು ಮಂಜಿನಂತೆ ಉಸಿರಿನೊಡನೆ ಶ್ವಾಸಕೋಶಕ್ಕೆ ಕಳಿಸುವ ಪ್ರಯೋಗ ವಿದೇಶದಲ್ಲಿ ನಡೆದಿತ್ತು. ಕೆಟ್ಟ ಜೀನು ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಈ ಕಾಯಿಲೆ ಎಂದೂ ಅದರಲ್ಲಿತ್ತು.

ಮಗಳ ಬೆನ್ನು ತಟ್ಟುತ್ತಿದ್ದ ಅಕ್ಕನ ಕೈ ನಿಂತಿತು. “ಇಬ್ಬರಿಂದಲೂ? ಖರೇ ಹೇಳು ತಮ್ಮಾ.”

“ಖರೇ ಐತ್ರಿ ಅಕ್ಕಾರ.”

“ಆ ಮಂಜಿನ ಔಷಧ ಹುಬ್ಬಳ್ಳಿಗೆ ಯಾವಾಗ ಬರತೈತಿ?”

“ಇನ್ನೂ ಪ್ರಯೋಗ ನಡದೈತ್ರಿ. ಗುಣ ಬಾಳ ದಿನ ನಿಲ್ಲವಲ್ದಂತ್ರಿ.”

“ಅಲ್ಲೀತನಕ ಉಸಿರ ಹಿಡಕೊಂಡಿರು ಅಂತ ಈಕಿಗೆ ಹೇಳಲೇನು?” ಎಂದು ನಕ್ಕು, ಮತ್ತೆ ತಟ್ಟತೊಡಗಿದರು.

ಕೆಲವೇ ದಿನಗಳಲ್ಲಿ ಆ ಮನೆಯಲ್ಲಿ ಹಿರಿಯರು ಸೇರಿದರು. ನೆರೆಯವನಾದ ನಾನು ಬಾಗಿಲಲ್ಲಿದ್ದೆ. ದೋಷ ಈಕೆಯ ಹೊಟ್ಟೆಯದು, ಈಕೆಯ ತಂಗಿಯನ್ನು ಎರಡನೆಯ ಹೆಂಡತಿಯಾಗಿ ತರಬೇಕು ಎಂಬುದು ಅಜ್ಜಿಯ ತೀರ್ಪು. ಗಂಡನೆಂಬ ಪ್ರಾಣಿ ಸುಮ್ಮನೆ ಚಹಾ ಕುಡಿಯುತ್ತಿತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಕ ಸೆರಗು ಸಿಕ್ಕಿಸಿಕೊಂಡು ನಡುಮನೆಗೆ ಬಂದರು. “ಆಯೀ, ನಮ್ಮವ್ವ ಹುಟ್ಟಿದ್ದು ನಿನ್ನ ಹೊಟ್ಟ್ಯಾಗ. ನಿನ್ನ ಮಗಾ ಹುಟ್ಟಿದ್ದೂ ಅದ ಹೊಟ್ಟ್ಯಾಗ. ದೋಷ ನನ್ನೊಬ್ಬಾಕೀದು ಹೆಂಗಾತು? ತಂಗಿ ಮೈಯಾಗೂ ಅದ ರಕ್ತ ಐತಿ. ಇನ್ನೊಂದು ಕೂಸಿನ ಬೆನ್ನ ತಟ್ಟಾಕ ನನಗ ಇರೂವು ಎರಡ ಕೈ!”

“ಬಾಯಿ ಬಾಳ ಬಂತು ನಿನಗ!” ಎಂದು ಅಜ್ಜಿ ಸಿಡುಕಿದಳು. ಅಕ್ಕನ ತಂದೆ ಎದ್ದುನಿಂತರು. “ಸಣ್ಣಾಕೀನ ಕೊಡೂದಿಲ್ರಿ” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು. ತಂಗಿಯ ಮದುವೆ ಬಳಗದಾಚೆ ಆಯಿತು.

ಆ ಔಷಧ ಹುಬ್ಬಳ್ಳಿಗೆ ಬರಲೇ ಇಲ್ಲ. ಕೆಲವು ವರ್ಷಗಳಲ್ಲಿ ಮಗಳು ಹೋದಳು. ಮಣ್ಣಿಗೆ ಬಂದವರೂ ತಾಯಿಯ ಹೊಟ್ಟೆಯನ್ನೇ ಹಳಿದರು. ವಿಜ್ಞಾನ ಓದಿದವರೂ ಅವರಲ್ಲಿದ್ದರು. ಅಕ್ಕನ ಅಂಗೈಗಳು ಮಡಿಲಲ್ಲಿ ಬಾಗಿಯೇ ಇದ್ದವು.

ಈಗ ಅಕ್ಕನೂ ಇಲ್ಲ. ಅವರು ಅಂದು ಕೇಳಿದ್ದನ್ನು ನಾನು ನಿಮ್ಮಲ್ಲಿ ಕೇಳುತ್ತೇನೆ: ದೋಷ ತಾಯಿಯೊಬ್ಬಳದೇ ಹೇಗಾಯಿತು? ಇಂಥ ಕಾಯಿಲೆಯ ಮಗುವಿರುವ ಬಳಗದೊಳಗೆ ಮತ್ತೊಂದು ಮದುವೆ ನಿಶ್ಚಯಿಸುವ ಮುನ್ನ, ಗಂಡು ಹೆಣ್ಣು ಇಬ್ಬರನ್ನೂ ವೈದ್ಯರ ಬಳಿಗೆ ಕರೆದೊಯ್ಯಿರಿ. ತಾಯಿಯೊಬ್ಬಳನ್ನೇ ದೂರುವ ಮಾತು ನಿಮ್ಮೆದುರು ಬಂದರೆ, ದಯವಿಟ್ಟು ಅಲ್ಲಿಯೇ ತಡೆಯಿರಿ.