ಮಾವನ ಕೆನ್ನೆ ಬೇಕಾಗಿತ್ತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮುಖ ಊದಿದೆ ಅಂತ ನೀರು ಕುಡಿಯುವುದನ್ನೇ ಬಿಟ್ಟ ಬುದ್ಧಿವಂತ ನಾನೇ. ಮೈಯಲ್ಲಿ ನೀರು ತುಂಬಿಕೊಂಡಿದೆಯಂತೆ. ಹಾಗಾದರೆ ಮೇಲಿಂದ ಸುರಿಯುವುದನ್ನು ನಿಲ್ಲಿಸಿದರೆ ಆಯಿತಲ್ಲ? ಓವರ್‌ಹೆಡ್ ಟ್ಯಾಂಕಿನ ಲಾಜಿಕ್ಕು!

ಊದಿದ್ದು ಯಾಕೆ? ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ನನ್ನದೊಂದು ಬಾಳೆಕಾಯಿ ಚಿಪ್ಸ್ ಅಂಗಡಿ. ಬೆಳಗಿನಿಂದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂರುವುದು, ಕೇರಳದ ಕಾರುಗಳನ್ನು ಮಲಯಾಳಿಗಳ ದನಿಯಲ್ಲೇ ಕೂಗಿ ಕರೆಯುವುದು, ಬಾಣಲೆಯಿಂದ ಇಳಿದ ಪ್ರತಿ ಒಬ್ಬೆಯಲ್ಲೂ ಉಪ್ಪು ಸರಿಯಿದೆಯಾ ಅಂತ ಒಂದು ಹಿಡಿ ಬಾಯಿಗೆ ಹಾಕುವುದು. (ಒಂದು ಚೂರು ಸಾಕು. ಆದರೆ ಕ್ವಾಲಿಟಿ ಮುಖ್ಯ ಅಲ್ಲವೇ?)

ಸಂಜೆಗೆ ಪಾದದ ಮೇಲೆ ಚಪ್ಪಲಿ ಪಟ್ಟಿಯ ಅಚ್ಚು. ಬೆಳಿಗ್ಗೆ ಕನ್ನಡಿಯಲ್ಲಿ ಬನ್ನು.

ಬನ್ನಾದರೂ ಚಿಂತೆಯಿರಲಿಲ್ಲ. ಆದರೆ ಭಾನುವಾರ ಚಾಮರಾಜನಗರದಲ್ಲಿ ಚಿಕ್ಕಮ್ಮನ ಮಗಳ ರಿಸೆಪ್ಷನ್ನು, ಅಲ್ಲಿ ನನ್ನ ಮಿಮಿಕ್ರಿ. ಮುಖ್ಯ ಐಟಂ ತೆರಕಣಾಂಬಿಯ ನಮ್ಮ ಸೋದರಮಾವ. ಅವರ ಕೆನ್ನೆ ಎಷ್ಟು ಒಳಗೆ ಹೋಗಿದೆಯೆಂದರೆ ಒಂದೊಂದು ಕೆನ್ನೆಯಲ್ಲೂ ಒಂದು ನಿಂಬೆಹಣ್ಣು ಇಡಬಹುದು. ನನ್ನದೋ, ಎಷ್ಟು ಹೀರಿದರೂ ಒಳಗೆ ಹೋಗಲಿಲ್ಲ.

ಸರಿ, ನೀರು ಬಂದ್. ಚಿಪ್ಸ್ ಮಾತ್ರ ಚಾಲೂ. ಗೆಳೆಯನೊಬ್ಬ ನೀರಿಳಿಸುವ ಮಾತ್ರೆಯನ್ನೂ ತಂದುಕೊಟ್ಟ. ದೇವರು ದೊಡ್ಡವನು, ಎಲ್ಲೋ ಕಳೆದುಹಾಕಿದೆ.

ಸ್ಟೇಜ್ ಹತ್ತಿದೆ. ಕೆನ್ನೆ ಊದಿಕೊಂಡೇ ಇತ್ತು. ಗಂಟಲು ಬಿಸಿಲಿಗೆ ಹಾಕಿದ ಅರಿಶಿನದ ಕೊಂಬು. ಮಾವನ ಹಾಗೆ "ಏನ್ಲಾ..." ಅನ್ನಲು ಹೋದರೆ ಹಳೇ ಬಾಗಿಲು ತೆರೆದ ಸದ್ದು. ಜನ ನಕ್ಕರು, ಐಟಂ ಕೇಳಿ ಅಲ್ಲ, ನನ್ನನ್ನು ನೋಡಿ. ಮುಂದಿನ ಸಾಲಿನಿಂದ ಮಾವ ಎದ್ದು ಬಂದು ನೀರಿನ ಬಾಟಲಿ ಕೈಗಿಟ್ಟು, ಮೈಕಿನಲ್ಲೇ ಅಂದರು:

"ನೀರ್ ಕುಡಿ ಕಣ್ಲಾ ಮೊದ್ಲು. ನನ್ನ ಆಡ್ಕಳಕಾದ್ರೂ ದನಿ ಬೇಡ್ವಾ?"

ಮರುದಿನ ಡಾಕ್ಟರಮ್ಮ ಬಿಪಿ, ಮೂತ್ರ ಎಲ್ಲ ಪರೀಕ್ಷೆ ಮಾಡಿ ನಕ್ಕರು. "ಕಳ್ಳ ನೀರಲ್ಲಪ್ಪಾ, ಉಪ್ಪು. ಅದೇ ನೀರನ್ನ ಹಿಡಿದಿಟ್ಟುಕೊಳ್ಳೋದು. ಬಾಯಾರಿದಾಗ ನೀರು ಕುಡಿ. ಚಿಪ್ಸು, ಹಪ್ಪಳ, ಉಪ್ಪಿನಕಾಯಿ ಕಮ್ಮಿ ಮಾಡು. ಆಗಾಗ ಎದ್ದು ಓಡಾಡು, ಮಲಗುವಾಗ ಕಾಲಡಿ ದಿಂಬಿಡು. ಸೊಪ್ಪು, ಬಾಳೆಹಣ್ಣು ತಿನ್ನು."

"ಚಿಪ್ಸೂ ಬಾಳೇದೇ ಅಲ್ವಾ ಮೇಡಂ?"

ಈ ಸಲ ಅವರು ನಗಲಿಲ್ಲ. ನೀನಾಗಿ ಮಾತ್ರೆ ನುಂಗಬೇಡ, ಒಂದೇ ಕಾಲು ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಓಡಿ ಬಾ ಎಂದರು. (ಹಾರ್ಟು, ಕಿಡ್ನಿ ತೊಂದರೆ ಇರುವ ಓದುಗರೇ, ನೀರು ಎಷ್ಟು, ಬಾಳೆಹಣ್ಣು ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಚಿಪ್ಸ್ ಮಾರುವವನನ್ನಲ್ಲ.)

ಈಗ ಒಬ್ಬೆಗೆ ಒಂದೇ ಚೂರು. ಗಿರಾಕಿ ಇಲ್ಲದಾಗ ಅಂಗಡಿ ಮುಂದೆಯೇ ವಾಕಿಂಗ್. ಕೆಲವೇ ದಿನದಲ್ಲಿ ಬನ್ನು ಇಳಿಯಿತು. ಖುಷಿ ತಡೆಯದೆ ತೆರಕಣಾಂಬಿ ಬಸ್ ಹತ್ತಿ, ಮಾವನ ಮುಂದೆ ನಿಂತು, ಡಾಕ್ಟರಮ್ಮನ ಕಥೆಯೆಲ್ಲ ಹೇಳಿ, ಕೆನ್ನೆ ಒಳಗೆಳೆದು ಅವರದೇ ದನಿಯಲ್ಲಿ ಕೇಳಿದೆ: "ಎಂಗದ್ಲಾ ಕೆನ್ನೆ?"

ಮಾವ ಎಲೆಅಡಿಕೆ ಉಗಿದು ಬಂದು, ನನ್ನನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಹೇಳಿದರು:

"ಕೆನ್ನೆ ನಂದೇ ಕಣ್ಲಾ, ಒಪ್ಕಂಡೆ. ತಲೆ ಮಾತ್ರ ಇನ್ನೂವೆ ನಿಂದೇ ಅದೆ. ಅದ್ನೂ ಒಸಿ ಆ ಡಾಕ್ಟ್ರವ್ವನ್ ತಾವ ತೋರ್ಸು."