ನನ್ನ ಫೋಟೋ ನೋಡಿ ಬಂದವರು

ಅವರು ಬಂದದ್ದು ಭಾನುವಾರ, ಊಟಕ್ಕೆ ಸ್ವಲ್ಪ ಮುಂಚೆ. ಶಿರಸಿ ಪೇಟೆಯ ನಮ್ಮ ಬಾಡಿಗೆ ಮನೆಯ ಗೇಟು ತೆಗೆದದ್ದು ಒಬ್ಬ ನಲವತ್ತರ ಹತ್ತಿರದ ಗಂಡಸು, ಜೊತೆಗೆ ಅವನ ತಾಯಿ. ನಾನು ಹೂವಿನ ಗಿಡ ಮಾರುವವಳು. ಜಾಲತಾಣದಲ್ಲಿ ಫೋಟೋ ಹಾಕಿ ಡೇರೆ ಹೂವಿನ ಗೆಡ್ಡೆ, ಆಂಥೂರಿಯಂ ಸಸಿ ಕೊರಿಯರ್ ಮಾಡುತ್ತೇನೆ. ಗಿರಾಕಿಗಳೇ ಇರಬೇಕೆಂದು ಒಳಗೆ ಕರೆದು ಬೆಲ್ಲ, ನೀರು ಇಟ್ಟೆ. ತಾಯಿ ನನ್ನ ಕೈ ಹಿಡಿದು, ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದರು.

“ನಿಂಗೆ ಡೇರೆ ಅಂದ್ರೆ ಪ್ರಾಣಡ, ಇಂವ ಹೇಳಿದ್ದ. ಸೊಸೆ ಆಗಿ ಬಪ್ಪವಳ ನೋಡಲೆ ಬರಿಗೈಲಿ ಹೆಂಗೆ ಬಪ್ಪದು ಹೇಳಿ ಗೆಡ್ಡೆ ತಂದಿದ್ದೆ.”

ಕುರ್ಚಿಯಲ್ಲಿದ್ದ ಅಪ್ಪ ಪೇಪರು ಮಡಚಿಟ್ಟರು.

ಕೆಲವು ತಿಂಗಳಿಂದ ಅವನು ದಿನಾ ನನ್ನ ಜೊತೆ ಸಂದೇಶದಲ್ಲೇ ಮಾತಾಡುತ್ತಿದ್ದನಂತೆ. ಸಿದ್ದಾಪುರದ ಕಡೆಯವನು, ಹೆಣ್ಣು ಹುಡುಕಿ ಸೋತವನು. ನಮ್ಮಲ್ಲಿ ಅಂಥವರು ಮನೆಗೊಬ್ಬರಿದ್ದಾರೆ. ಫೋನು ತೋರಿಸಿದ. ನನ್ನದೇ ಹೆಸರು, ನನ್ನದೇ ಗಿಡಗಳು, ಮಾಗೋಡು ಜಲಪಾತಕ್ಕೆ ಹೋದಾಗ ಹಲ್ಲುಕಿರಿದು ನಿಂತ ನಾನೇ. ಅಪ್ಪನ ಮಂಡಿ ಆಪರೇಷನ್ನಿಗೆಂದು ‘ನಾನು’ ದುಡ್ಡು ಕೇಳಿದ್ದೆ, ಅವನು ಕಳಿಸಿದ್ದ. ಆಪರೇಷನ್ ಆದದ್ದು ನಿಜ. ಆಸ್ಪತ್ರೆ ಮಂಚದ ಫೋಟೋ ಹಾಕಿ ಊರಿಗೆಲ್ಲ ಡಂಗುರ ಹೊಡೆದ ಜಾಣೆ ಮಾತ್ರ ನಿಜವಾದ ನಾನು.

“ಅದು ಆನಲ್ಲ, ಬೇರೆ ಯಾರೋ,” ಎಂದೆ. ಅವನು ಕನಿಕರದಿಂದ ನಕ್ಕು, ಬರಬೇಡಿ ಎಂದು ಆ ಬೆಳಿಗ್ಗೆ ಬಂದ ಸಂದೇಶ ತೋರಿಸಿದ. ‘ಈಗಲೇ ಬರಡಿ. ಬಂದ್ರೂ ಅಪ್ಪಯ್ಯನ ಎದುರು ಗುರ್ತಿಲ್ಲೆ ಹೇಳ್ತೆ, ಬೇಜಾರು ಮಾಡ್ಕಳಡಿ.’

ಬರೆದದ್ದು ನಮ್ಮ ಮನೆಮಾತಿನಲ್ಲೇ. ಅಂದರೆ ಯಾರೋ ಹತ್ತಿರದವರೇ. ಇನ್ನು ನಾನು ಅಲ್ಲ ಅಂದಷ್ಟೂ ಹೌದು ಅಂದಂತೆ. ಅಷ್ಟರಲ್ಲಿ ಅಪ್ಪ ಕೇಳಿದರು, “ಎಂತದೇ ಇದು? ಖರೇ ಹೇಳು.” ಗುರುತಿಲ್ಲದವನು ನಂಬದಿದ್ದರೆ ಹಾಳಾಗಿ ಹೋಗಲಿ. ಅಪ್ಪನಿಗೂ ಸಂಶಯ ಬಂತಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ನನ್ನ ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಎರಡೂ ಕೈ ಚಾಚಿ ಅವನೆದುರು ನಿಂತು, “ಈಗ ಅವಳಿಗೆ ಬರೀರಿ,” ಎಂದೆ. ಬರೆದ. ಉತ್ತರವೇ ಬಾರದಿದ್ದರೆ ನನ್ನ ಗತಿ? ಆ ಕಳ್ಳ ಬೇಗ ಉತ್ತರ ಕೊಡಲಪ್ಪಾ ಎಂದು ದೇವರನ್ನು ಬೇಡಿಕೊಂಡೆ. ಅವನ ಫೋನು ಟಿಣ್ ಅಂದಿತು. ‘ಊಟ ಆತ?’

ಅವನು ನನ್ನ ಬರಿಗೈ ನೋಡಿದ, ಫೋನು ನೋಡಿದ, ಮತ್ತೆ ಕೈ ನೋಡಿದ. ತಾಯಿ ಪೊಟ್ಟಣವನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು. ಎಷ್ಟು ಹೇಳಿದರೂ ಊಟಕ್ಕೆ ನಿಲ್ಲಲಿಲ್ಲ.

ಮರುದಿನ ಪೊಲೀಸರಿಗೆ ದೂರು ಕೊಟ್ಟೆವು, ಅವನೂ ಬಂದ. ಗೆಳತಿಯರೆಲ್ಲ ರಿಪೋರ್ಟ್ ಮಾಡಿ ಆ ಖಾತೆ ತೆಗೆಸಿದರು. ಮನೆಯವರ ಫೋಟೋ ಅಳಿಸಿದೆ, ನನ್ನ ಸ್ನೇಹಿತರ ಪಟ್ಟಿ ಯಾರಿಗೂ ಕಾಣದಂತೆ ಮುಚ್ಚಿದೆ. ನನ್ನ ಹೆಸರಲ್ಲಿ ಯಾರು ದುಡ್ಡು ಕೇಳಿದರೂ ಮೊದಲು ಫೋನು ಮಾಡಿ ನನ್ನ ದನಿ ಕೇಳಿ ಎಂದು ಗಿರಾಕಿಗಳಿಗೆಲ್ಲ ಹೇಳಿದೆ. ಆದರೂ ಯಾರಾದರೂ ಮನೆಮಾತಿನಲ್ಲಿ ಗಿಡದ ದರ ಕೇಳಿದರೆ, ಆ ಕಳ್ಳ ಇವನೇ ಇರಬಹುದೇ ಎಂದು ಮೊದಲು ಅವರ ಖಾತೆಯನ್ನೆಲ್ಲ ಜಾಲಾಡುತ್ತೇನೆ.

ಮೊನ್ನೆ ಗೆಳತಿಯೊಬ್ಬಳು ಮತ್ತೊಂದು ಖಾತೆ ತೋರಿಸಿದಳು. ಹೊಸದು, ಮುಖ ಮಾತ್ರ ನನ್ನದೇ. ಅದರ ಸ್ನೇಹಿತರ ಪಟ್ಟಿಯಲ್ಲಿ ಆ ಸಿದ್ದಾಪುರದವನಿದ್ದ. ಗಾಬರಿಯಿಂದ ಅವನಿಗೆ ಫೋನು ಮಾಡಿ, ಇದೂ ನಾನಲ್ಲ, ಮತ್ತೆ ಮೋಸ ಹೋಗಬೇಡಿ ಎಂದೆ.

“ಗೊತ್ತಿದ್ದು,” ಎಂದ. “ದುಡ್ಡು ಕೊಡ್ತ್ನಿಲ್ಲೆ, ಬರೀ ಮಾತಾಡ್ತೆ. ರಿಪೋರ್ಟ್ ಮಾತ್ರ ಮಾಡಡಿ,” ಎಂದು ಬೇಡಿಕೊಂಡ.

ಮುಖ ನನ್ನದು, ಮಾಡಲೇಬೇಕಿತ್ತು, ಮಾಡಿದೆ. ಆ ಖಾತೆ ಹೋದ ದಿನವೇ ಅವನು ನನ್ನ ನಂಬರನ್ನು ಬ್ಲಾಕ್ ಮಾಡಿದ.